ಮೂರನೆಯ ಟ್ಯೂಬು

1998ರಲ್ಲಿ ನಾನು ಜಯನಗರದ ಒಂದು ಖಾಸಗಿ ಆಸ್ಪತ್ರೆಯ ರಕ್ತನಿಧಿಯಲ್ಲಿ ಸೀನಿಯರ್ ಟೆಕ್ನಿಷಿಯನ್ ಆಗಿದ್ದೆ. ಆಗ ನನಗೆ ಮೂವತ್ತಾರು ವರ್ಷ. ಅದರಲ್ಲಿ ಹನ್ನೆರಡು ವರ್ಷ ಇದೇ ಕೆಲಸದಲ್ಲಿ ಕಳೆದಿದ್ದವು. ರೋಗಿಯ ರಕ್ತದ ಗುಂಪು ಕಂಡುಹಿಡಿಯುವುದು, ದಾನಿಗಳಿಂದ ರಕ್ತ ಪಡೆಯುವುದು, ಆ ರಕ್ತ ಈ ರೋಗಿಗೆ ಹೊಂದುತ್ತದೋ ಇಲ್ಲವೋ ನೋಡಿ ಕೊಡುವುದು ನಮ್ಮ ಕೆಲಸ. ನಾನು ಚುರುಕಿನವಳು ಎಂಬ ಹೆಸರಿತ್ತು. ಬೆಳಿಗ್ಗೆ ಬಂದ ಮೂವತ್ತು ನಲವತ್ತು ಸ್ಯಾಂಪಲ್‌ಗಳ ವರದಿಗಳು ಊಟದ ಹೊತ್ತಿಗೆ ಸಹಿಯಾಗಿ ವಾರ್ಡ್ ಸೇರಿರುತ್ತಿದ್ದವು. ಆ ವರ್ಷ ಟೆಕ್ನಿಕಲ್ ಸೂಪರ್‌ವೈಸರ್ ಹುದ್ದೆ ಖಾಲಿಯಾಗಿತ್ತು. ಅದು ನನಗೇ ಎಂದು ಎಲ್ಲರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ.

ನನ್ನ ಕೈಕೆಳಗೆ ಬಸವರಾಜ ಎಂಬ ಟೆಕ್ನಿಷಿಯನ್ ಇದ್ದ. ಗದಗದ ಕಡೆಯವನು, ಮೂವತ್ತರ ಆಸುಪಾಸು. ಸುದ್ದಗುಂಟೆಪಾಳ್ಯದಲ್ಲಿ ಇನ್ನಿಬ್ಬರ ಜೊತೆ ಒಂದು ರೂಮು ಹಿಡಿದಿದ್ದ. ಮೂರು ವರ್ಷಗಳಿಂದ ಕಾಂಟ್ರ್ಯಾಕ್ಟ್ ಮೇಲೆಯೇ ದುಡಿಯುತ್ತಿದ್ದ. ಕೆಲಸ ಕಾಯಂ ಆದರೆ ಊರಿನಲ್ಲಿದ್ದ ಹೆಂಡತಿ, ಮಗಳನ್ನು ಕರೆತಂದು ಮನೆ ಮಾಡಬೇಕು ಎಂಬುದು ಆತನ ಲೆಕ್ಕ. ಆ ಲೆಕ್ಕ ತಪ್ಪಿಸುತ್ತಿದ್ದವಳು ನಾನು. ಪ್ರತಿ ವರ್ಷ ಆತನ ಬಗ್ಗೆ ನಾನೊಂದು ವರದಿ ಕೊಡಬೇಕಿತ್ತು. ಹಿಂದಿನ ವರ್ಷದ ವರದಿಯಲ್ಲಿ, 'ಕೆಲಸ ಅಚ್ಚುಕಟ್ಟು, ಆದರೆ ತೀರ ನಿಧಾನ. ಒತ್ತಡ ನಿಭಾಯಿಸಲಾರ' ಎಂದು ಬರೆದಿದ್ದೆ. ಕಾಯಂ ಮಾಡುವ ವಿಷಯ ಒಂದು ವರ್ಷ ಮುಂದಕ್ಕೆ ಹೋಯಿತು.

ಆತ ನಿಧಾನವಾಗಲು ಕಾರಣವಿತ್ತು. ರಕ್ತದ ಗುಂಪನ್ನು ಎರಡು ದಾರಿಯಲ್ಲಿ ನೋಡುತ್ತೇವೆ. ಮೊದಲು ರೋಗಿಯ ಕೆಂಪು ಕಣಗಳನ್ನು ನಮ್ಮಲ್ಲಿರುವ ಪರೀಕ್ಷೆಯ ದ್ರಾವಣಗಳ ಜೊತೆ ಬೆರೆಸಿ, ಕಣಗಳು ಗಂಟುಕಟ್ಟುತ್ತವೆಯೇ ಎಂದು ನೋಡುವುದು. ಆಮೇಲೆ ಅದನ್ನೇ ತಿರುಗಿಸಿ, ರೋಗಿಯ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು, ಗುಂಪು ಗೊತ್ತಿರುವ ಕಣಗಳ ಜೊತೆ ಬೆರೆಸುವುದು. ಈ ಎರಡನೆಯದಕ್ಕೆ ನಾವೆಲ್ಲ ಎರಡು ಟ್ಯೂಬು ಇಡುತ್ತಿದ್ದೆವು, ಒಂದರಲ್ಲಿ ಎ ಕಣ, ಇನ್ನೊಂದರಲ್ಲಿ ಬಿ ಕಣ. ಬಸವರಾಜ ಮೂರನೆಯದನ್ನೂ ಇಡುತ್ತಿದ್ದ, ಅದರಲ್ಲಿ ಓ ಕಣ. ಪುಸ್ತಕದಲ್ಲಿ ಹಾಗೇ ಇದೆ. ಆದರೆ ಓ ಕಣ ಯಾರ ಸೀರಮ್‌ನಲ್ಲೂ ಗಂಟುಕಟ್ಟುವುದಿಲ್ಲವೆಂದು ನಂಬಿ ನಾವು ಬಿಟ್ಟುಬಿಟ್ಟಿದ್ದೆವು. ನಲವತ್ತು ಸ್ಯಾಂಪಲ್ ಎಂದರೆ ನಲವತ್ತು ಹೆಚ್ಚಿನ ಟ್ಯೂಬು. ಹತ್ತಾರು ಸಲ ಬೈದಿದ್ದೆ. ಆತ ತಲೆಯಾಡಿಸಿ, ಮರುದಿನ ಮತ್ತೆ ಮೂರು ಟ್ಯೂಬು ಇಡುತ್ತಿದ್ದ.

ಜುಲೈನ ಒಂದು ಮಂಗಳವಾರ ಬೆಳಿಗ್ಗೆ ಹೆರಿಗೆ ವಾರ್ಡಿನಿಂದ ಜಯಮ್ಮ ಎಂಬಾಕೆಯ ಸ್ಯಾಂಪಲ್ ಬಂತು. ಗೊಟ್ಟಿಗೆರೆಯವರು, ಇಪ್ಪತ್ತಾರು ವರ್ಷ, ಎರಡನೆಯ ಹೆರಿಗೆ. ಮಾಸು ಗರ್ಭಕೋಶದ ಬಾಯಿಗೇ ಅಡ್ಡವಾಗಿ ಕೂತಿತ್ತು. ಇಂಥ ಕೇಸಿನಲ್ಲಿ ಆಪರೇಷನ್ ಮಾಡುವಾಗ ರಕ್ತ ಧಾರಾಕಾರವಾಗಿ ಹೋಗಬಹುದು. ಗುರುವಾರ ಬೆಳಿಗ್ಗೆಗೆ ಆಪರೇಷನ್ ಗೊತ್ತುಮಾಡಿದ್ದರು. ಸದ್ಯಕ್ಕೆ ಗುಂಪು ನೋಡಿ ವರದಿ ಕೊಡಿ ಎಂದಷ್ಟೇ ಚೀಟಿಯಲ್ಲಿತ್ತು. ಮೊದಲ ಹೆರಿಗೆ ಬೇರೆ ಕಡೆ ಆಗಿತ್ತು, ಆಗ ರಕ್ತ ಕೊಡಬೇಕಾಗಿರಲಿಲ್ಲ. ಅಲ್ಲಿನ ಕಾರ್ಡಿನಲ್ಲಿ ಓ ಪಾಸಿಟಿವ್ ಎಂದು ಬರೆದಿತ್ತು. ನಾನು ಕಣಗಳ ಪರೀಕ್ಷೆ ಮಾಡಿದೆ: ಓ ಪಾಸಿಟಿವ್. ವರದಿ ಬರೆದು ಸಹಿಗೆ ಪೆನ್ನು ಎತ್ತಿದ್ದೆ. ಸೀರಮ್ ನೋಡುತ್ತಿದ್ದ ಬಸವರಾಜ, ಟ್ಯೂಬನ್ನು ಬೆಳಕಿಗೆ ಹಿಡಿದು ನಿಂತಿದ್ದ.

"ಮೇಡಮ್, ಮೂರನೇದೂ ಗಂಟು ಕಟ್ಟೇತ್ರಿ."

"ಓ ಸೆಲ್ಸ್ ಹಳೇದಿರ್ಬೇಕು. ಹೊಸದಾಗಿ ತೊಳೆದು ಮಾಡಿ."

"ಇವತ್ತ ಮುಂಜಾನಿ ತೊಳದದ್ರಿ. ಇನ್ನೊಮ್ಮೆ ಮಾಡ್ತೀನಿ."

ಇನ್ನೊಮ್ಮೆ ಮಾಡಿದ. ಗಂಟು. ಅದೂ ಕಂಡೂ ಕಾಣದ ಗಂಟಲ್ಲ, ಟ್ಯೂಬಿನ ತಳದಲ್ಲಿ ಒಂದೇ ಉಂಡೆ.

ಆ ವರದಿಗೆ ನಾನು ಸಹಿ ಹಾಕಿದ್ದರೆ ಏನಾಗುತ್ತಿತ್ತು ಎಂಬುದನ್ನು ಇಲ್ಲೇ ಹೇಳಬೇಕು. ಆಪರೇಷನ್ ಟೇಬಲ್ ಮೇಲೆ ಒಮ್ಮೆಲೇ ರಕ್ತಸ್ರಾವ ಶುರುವಾದರೆ, ಹೊಂದಾಣಿಕೆ ಪರೀಕ್ಷೆಗೆ ಸಮಯವಿರುವುದಿಲ್ಲ. ವರದಿಯಲ್ಲಿರುವ ಗುಂಪಿನ ರಕ್ತವನ್ನು ಮೊದಲು ಕಳಿಸಿ, ಪರೀಕ್ಷೆಯನ್ನು ಹಿಂದಿನಿಂದ ಮಾಡುತ್ತಿದ್ದೆವು. ಹೊಂದುವುದಿಲ್ಲ ಎಂದು ಗೊತ್ತಾಗುವಷ್ಟರಲ್ಲಿ ಆ ರಕ್ತ ಜಯಮ್ಮನ ಮೈಸೇರಿರುತ್ತಿತ್ತು.

ಆದರೆ ಆ ಹೊತ್ತಿನಲ್ಲಿ ನನಗೆ ಭಯವಾಗಲಿಲ್ಲ. ಸಿಟ್ಟು ಬಂತು. ಮುಂದಿನ ಸೋಮವಾರ ಸೂಪರ್‌ವೈಸರ್ ಹುದ್ದೆಗೆ ನನ್ನ ಇಂಟರ್‌ವ್ಯೂ. ಟೇಬಲ್ ಮೇಲೆ ಇನ್ನೂ ಇಪ್ಪತ್ತು ಸ್ಯಾಂಪಲ್ ಇದ್ದವು. ಥಂಡಿಗೆ ಕೆಲವರ ಸೀರಮ್ ಸುಮ್ಮನೆ ಗಂಟುಕಟ್ಟುವುದುಂಟು, ಬಿಸಿ ಮಾಡಿದರೆ ಬಿಡುತ್ತದೆ. ಟ್ಯೂಬನ್ನು ದೇಹದ ಶಾಖಕ್ಕೆ, ಮೂವತ್ತೇಳು ಡಿಗ್ರಿಗೆ ಇಟ್ಟೆವು. ಬಿಡಲಿಲ್ಲ. ಆಕೆಯ ಸೀರಮ್ಮಿಗೆ ಆಕೆಯದೇ ಕಣ ಆಗಿಬರುವುದಿಲ್ಲವೇನೋ ಎಂದು ಅವೆರಡನ್ನೇ ಬೆರೆಸಿದೆವು. ಅಲ್ಲಿ ಗಂಟಿಲ್ಲ, ನೀರಿನಂತೆ ಸ್ವಚ್ಛ. ಹಾಗಾದರೆ ಬೇರೆಯವರ ಓ ರಕ್ತವಷ್ಟೇ ಆಗದೇ? ಫ್ರಿಜ್ಜಿನಿಂದ ಓ ಗುಂಪಿನ ಆರು ಬಾಟಲಿಗಳ ಮಾದರಿ ತೆಗೆದು ಹೊಂದಿಸಿ ನೋಡಿದೆವು. ಆರಕ್ಕೆ ಆರೂ ಹೊಂದಲಿಲ್ಲ. ಓ ಗುಂಪಿನ ಹೆಂಗಸಿಗೆ ಯಾವ ಓ ರಕ್ತವೂ ಆಗದು ಎಂದರೆ ಏನರ್ಥ? ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನ ಕೈ ನಿಂತುಹೋಯಿತು. ಇದೂ ಅಲ್ಲ, ಅದೂ ಅಲ್ಲ. ಮುಂದೇನು ಮಾಡಬೇಕೆಂದೇ ತಿಳಿಯಲಿಲ್ಲ.

"ಸ್ಯಾಂಪಲ್ಲೇ ಅದಲು ಬದಲಾಗಿರುತ್ತೆ," ಎಂದೆ. ನಿಜವಾಗಿ ನಂಬಿ ಹೇಳಿದ್ದಲ್ಲ. ಅದು ವಾರ್ಡಿನವರ ತಪ್ಪಾಗಿರಲಿ ಎಂಬ ಆಸೆ.

ಬಸವರಾಜ ತಾನೇ ವಾರ್ಡಿಗೆ ಹೋಗಿ, ಜಯಮ್ಮನ ಹೆಸರು ಕೇಳಿ, ಹೊಸ ಸ್ಯಾಂಪಲ್ ತೆಗೆದು ತಂದ. ಮತ್ತೆ ಅದೇ.

ಆತನ ಹಿಂದೆಯೇ ಆಕೆಯ ಗಂಡ ಮುನಿರಾಜು ಬಂದರು. ಗೊಟ್ಟಿಗೆರೆಯಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. "ಕಾರ್ಡಲ್ಲೇ ಬರ್ದೈತಲ್ಲ ಮೇಡಂ, ಓ ಪಾಸಿಟಿವ್ ಅಂತ. ಹತ್ತು ಜನನ ಟೆಂಪೋದಲ್ಲಿ ಕರ್ಕೊಂಡ್ ಬಂದಿವ್ನಿ. ಎಷ್ಟ್ ಬೇಕೋ ತಗೊಳ್ಳಿ. ಇನ್ನೇನ್ ತೊಂದ್ರೆ?"

"ಸ್ವಲ್ಪ ಕೂತಿರಿ, ನೋಡ್ತಿದೀವಿ," ಎಂದೆ. ಏನು ನೋಡುತ್ತಿದ್ದೇವೆ ಎಂಬುದು ನನಗೇ ಗೊತ್ತಿರಲಿಲ್ಲ.

ನಮ್ಮ ರಕ್ತನಿಧಿಯ ವೈದ್ಯೆ ಡಾ. ನಳಿನಿ ಆ ದಿನ ರಜೆಯಲ್ಲಿದ್ದರು. ಬನಶಂಕರಿಯ ಅವರ ಮನೆಗೆ ಫೋನ್ ಮಾಡಿ, ಆಗಿದ್ದೆಲ್ಲ ಹೇಳಿದೆ. ಅವರು ಪ್ರತಿ ಟ್ಯೂಬಿನ ಫಲಿತಾಂಶವನ್ನೂ ಇನ್ನೊಮ್ಮೆ ಕೇಳಿದರು. ಆಮೇಲೆ, "ಆಂಟಿ ಎಚ್ ಇದೆಯಾ ನಮ್ಮಲ್ಲಿ? ಹಾಕಿ ನೋಡಿ. ನಾನು ಹೊರಟೆ," ಎಂದರು.

ಆಂಟಿ ಎಚ್ ಎಂದರೆ ಒಂದು ಗಿಡದ ಬೀಜದಿಂದ ತೆಗೆದ ದ್ರಾವಣ. ಎ, ಬಿ, ಓ ಎಂಬ ಎಲ್ಲ ಗುಂಪುಗಳಿಗೂ ತಳಹದಿಯಾಗಿ ಎಚ್ ಎಂಬ ಒಂದು ವಸ್ತು ಇರುತ್ತದೆ. ಓ ಗುಂಪಿನವರಲ್ಲಿ ಅದು ಹೇರಳ. ಆದ್ದರಿಂದ ಓ ಕಣ ಈ ದ್ರಾವಣದಲ್ಲಿ ಗಂಟುಕಟ್ಟಲೇಬೇಕು. ಫ್ರಿಜ್ಜಿನ ಮೂಲೆಯಲ್ಲಿ ಒಂದು ಸಣ್ಣ ಬಾಟಲಿ ಸಿಕ್ಕಿತು. ಅವಧಿ ಇನ್ನೂ ಎರಡು ತಿಂಗಳಿತ್ತು. ಬಸವರಾಜ ಒಂದು ಟ್ಯೂಬಿನಲ್ಲಿ ತನ್ನದೇ ರಕ್ತ ಹಾಕಿಕೊಂಡ, ಆತನದು ಓ. ಇನ್ನೊಂದರಲ್ಲಿ ಜಯಮ್ಮನದು. ಆತನದು ಗಂಟುಕಟ್ಟಿತು. ಜಯಮ್ಮನದು ಕಟ್ಟಲಿಲ್ಲ.

ಆಕೆ ಓ ಗುಂಪಿನವರೇ ಅಲ್ಲ. ತಳಹದಿಯ ಎಚ್ ಕೂಡ ಇಲ್ಲದ, ಬಾಂಬೆ ಗ್ರೂಪ್ ಎಂದು ಕರೆಯುವ ಅತಿ ಅಪರೂಪದ ಗುಂಪು. ಮೇಲುನೋಟಕ್ಕೆ ಓ ಎಂದೇ ಕಾಣುತ್ತದೆ. ಆದರೆ ಇಂಥವರ ಸೀರಮ್ ಎಚ್ ಇರುವ ಕಣಗಳನ್ನೆಲ್ಲ ಗಂಟುಕಟ್ಟಿಸುತ್ತದೆ, ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಕುತ್ತು.

ಅಂಥ ರಕ್ತ ಎಲ್ಲಿ ಹುಡುಕುವುದು? ಬೇರೆ ರಕ್ತನಿಧಿಗಳಿಗೆ ಫೋನ್ ಮಾಡಿದೆವು, ಎಲ್ಲೂ ಇರಲಿಲ್ಲ. ಒಡಹುಟ್ಟಿದವರಲ್ಲಿ ಇರುವ ಸಾಧ್ಯತೆ ಹೆಚ್ಚು ಎಂದರು ಡಾ. ನಳಿನಿ. ಟೆಂಪೋದಲ್ಲಿ ಬಂದವರಲ್ಲಿ ಜಯಮ್ಮನ ಅಕ್ಕ ಇದ್ದರು, ಅವರದು ಬಿ. ಒಬ್ಬ ತಮ್ಮನೂ ಇದ್ದಾನೆ, ಉತ್ತರಹಳ್ಳಿಯಲ್ಲಿ ಆಟೋ ಓಡಿಸುತ್ತಾನೆ, ಹೆಸರು ನಾರಾಯಣ ಎಂದು ತಿಳಿಯಿತು. ಬೆಳಿಗ್ಗೆಯೇ ಬಂದವನು ರಕ್ತ ತೆಗೆಯುತ್ತಾರೆ ಎಂದು ಕೇಳಿ ಟೀ ಕುಡಿಯಲು ಹೋದವನು ತಿರುಗಿ ಬಂದಿರಲಿಲ್ಲ. ಬಸವರಾಜ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಆತನನ್ನು ಆಟೋದೊಳಗೇ ಹಿಡಿದ.

"ಅಕ್ಕಂಗೆ ಏನ್ ಬೇಕಾದ್ರೂ ಮಾಡ್ತೀನಿ ಸಾರ್. ಸೂಜಿ ಒಂದು ಬ್ಯಾಡ."

"ನನಗೂ ಸೂಜಿ ಅಂಜಿಕೀನ ಅಣ್ಣಾ. ಇನ್ನೊಬ್ರಿಗೆ ಚುಚ್ಚೂದು ಕಲತೀನಿ ಅಷ್ಟ. ಬರ್ರಿ, ಕಣ್ಣ ಮುಚ್ಕೊಳ್ರಿ."

ನಾರಾಯಣನದು ಅದೇ ಗುಂಪು. ಕಣ್ಣು ಮುಚ್ಚಿ, ಬಸವರಾಜನ ಬೆಲ್ಟ್ ಹಿಡಿದುಕೊಂಡು ಒಂದು ಬಾಟಲಿ ರಕ್ತ ಕೊಟ್ಟ. ಬುಧವಾರ ಅದರ ಸೋಂಕು ಪರೀಕ್ಷೆಗಳೆಲ್ಲ ಮುಗಿದವು. ಗುರುವಾರ ಬೆಳಿಗ್ಗೆ ಆಪರೇಷನ್ ಆಯಿತು. ನಿರೀಕ್ಷಿಸಿದಂತೆಯೇ ರಕ್ತ ಹೋಯಿತು. ಆ ಒಂದೇ ಬಾಟಲಿಯಲ್ಲಿ ಸರ್ಜನ್ ತೂಗಿಸಿದರು. ಹೆಣ್ಣು ಮಗು. ತಾಯಿ ಹತ್ತನೆಯ ದಿನ ಮನೆಗೆ ಹೋದರು.

ಸೋಮವಾರ ಇಂಟರ್‌ವ್ಯೂ. ಕಮಿಟಿಯಲ್ಲಿದ್ದ ಆಡಳಿತಾಧಿಕಾರಿಗಳು ಮೊದಲೇ ಕೇಳಿದರು, "ಆ ಬಾಂಬೆ ಗ್ರೂಪ್ ಕೇಸ್ ನೀವೇ ಹಿಡಿದ್ರಂತೆ?" ಕೊನೆಯ ವರದಿಯಲ್ಲಿ ಇದ್ದದ್ದು ನನ್ನ ಸಹಿ.

"ಹೌದು ಸರ್, ನಮ್ಮ ಟೀಮು," ಎಂದೆ.

ಸುಳ್ಳಲ್ಲ. ನಿಜವೂ ಅಲ್ಲ. ಬುಧವಾರ ಆರ್ಡರ್ ಬಂತು, ನಾನು ಸೂಪರ್‌ವೈಸರ್. ಬಸವರಾಜ ಬೇಕರಿಯಿಂದ ಖಾರಾ ಬನ್ ತಂದು ಎಲ್ಲರಿಗೂ ಹಂಚಿದ. ಆತನಿಗೆ ಇಂಟರ್‌ವ್ಯೂನಲ್ಲಿ ನಡೆದದ್ದು ಗೊತ್ತಿತ್ತೋ ಇಲ್ಲವೋ, ಆತನ ಮುಖ ನೋಡಿ ತಿಳಿಯಲಾಗಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದಾನೆಯೇ? ನಾನು ಕದ್ದಿದ್ದೇನೆಯೇ, ಅಥವಾ ಹನ್ನೆರಡು ವರ್ಷದ ದುಡಿಮೆಗೆ ಸಿಕ್ಕಿದ್ದೇ ಇದು? ಒಂದು ದಿನ ಹಾಗನ್ನಿಸಿದರೆ ಮರುದಿನ ಹೀಗೆ. ಆತನಿಗೆ ಚಹಾ ತರಿಸಿಕೊಡುವುದು, ಬೇಗ ಮನೆಗೆ ಕಳಿಸುವುದು ಶುರುಮಾಡಿದೆ. ಆತನಿಗೂ ಮುಜುಗರ, ನನಗೂ.

ಆಗಸ್ಟಿನಲ್ಲಿ ಆತನ ವಾರ್ಷಿಕ ವರದಿ ಮತ್ತೆ ನನ್ನ ಮೇಜಿಗೆ ಬಂತು. ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಆಡಳಿತಾಧಿಕಾರಿಗಳ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ನಾನು ತಪ್ಪು ಗುಂಪು ಬರೆದು ಸಹಿ ಹಾಕುವುದರಲ್ಲಿದ್ದೆ, ತಡೆದವನು ಬಸವರಾಜ, ಹಿಂದಿನ ವರ್ಷ ನಾನು ಬರೆದ ವರದಿ ತಪ್ಪು ಎಂದು.

ಅವರು ಕನ್ನಡಕ ತೆಗೆದಿಟ್ಟರು. "ಮೇಡಂ, ಬಾಯಲ್ಲಿ ಹೇಳಿದ್ರಿ, ನಾನು ಕೇಳಿಸ್ಕೊಂಡೆ. ಅವನನ್ನ ಕಾಯಂ ಮಾಡೋಣ. ಬರವಣಿಗೆಯಲ್ಲಿ ಬೇಡ. ಬರೆದ್ರೆ ನಿಮ್ಮ ಸೆಲೆಕ್ಷನ್ನೇ ಪ್ರಶ್ನೆ ಆಗುತ್ತೆ."

ಒಳ್ಳೆಯ ಸಲಹೆ. ಮೆಟ್ಟಿಲಿಳಿಯುವಾಗ ಒಪ್ಪಿಕೊಂಡೂ ಇದ್ದೆ. ಕೆಳಗೆ ಬಂದು ಕುಳಿತವಳು ಯಾಕೋ ಆತನ ವರದಿಯಲ್ಲಿ ಎಲ್ಲವನ್ನೂ ಪೂರ್ತಿ ಬರೆದು ಕಳಿಸಿದೆ. ಧೈರ್ಯ ಎಂದು ಇವತ್ತಿಗೂ ಹೇಳಲಾರೆ. ಆತ ಕೊಟ್ಟ ಖಾರಾ ಬನ್ ತಿಂದ ದಿನದಿಂದ ಇದ್ದ ಸಂಕಟ ತಡೆಯಲಾಗದೆ ಬರೆದೆ.

ಪರಿಣಾಮವಾಗಿ ನನ್ನ ಸೂಪರ್‌ವೈಸರ್ ಹುದ್ದೆಯನ್ನು ಆರು ತಿಂಗಳು ತಾತ್ಕಾಲಿಕವೆಂದು ಮಾಡಿದರು. ಬಸವರಾಜ ಅಕ್ಟೋಬರ್‌ನಲ್ಲಿ ಕಾಯಂ ಆದ. ಬಿಟಿಎಂ ಲೇಔಟಿನಲ್ಲಿ ಎರಡು ಕೋಣೆಯ ಮನೆ ಹಿಡಿದು ಹೆಂಡತಿ, ಮಗಳನ್ನು ಕರೆತಂದ. ನಮ್ಮಲ್ಲಿ ಎಲ್ಲ ಸ್ಯಾಂಪಲ್‌ಗಳಿಗೂ ಓ ಕಣದ ಪರೀಕ್ಷೆ ಕಡ್ಡಾಯವಾಯಿತು. ವರದಿಗಳು ಸಂಜೆ ನಾಲ್ಕಕ್ಕೆ ಹೋಗತೊಡಗಿದವು. ವಾರ್ಡಿನವರು ಒಂದು ತಿಂಗಳು ಗೊಣಗಿ, ಒಗ್ಗಿಕೊಂಡರು.

2004ರಲ್ಲಿ ಬಸವರಾಜ ಇನ್ನೊಂದು ದೊಡ್ಡ ರಕ್ತನಿಧಿಗೆ, ಅಪರೂಪದ ಗುಂಪುಗಳ ವಿಭಾಗದ ಮುಖ್ಯಸ್ಥನಾಗಿ ಹೋದ. ಹೊರಡುವ ದಿನ ಕೇಳಿದೆ, "ಅಷ್ಟು ಬೈತಿದ್ದೆ ನಾನು. ಯಾರೂ ನೋಡ್ತಾನೂ ಇರ್ಲಿಲ್ಲ. ಆದ್ರೂ ಬಿಡ್ಲಿಲ್ಲ ನೀವು. ಮೇಲೆ ಬರ್ತೀನಿ ಅನ್ನೋ ನಂಬಿಕೆ ಇತ್ತಾ?"

"ಇಲ್ರಿ ಮೇಡಮ್. ಪ್ರಮೋಷನ್ ಬ್ಯಾಡ ಅಂತಲ್ಲ, ಬೇಕಾಗಿತ್ತು. ಖರೇ ಹೇಳ್ಬೇಕಂದ್ರ ನನಗ ಅಂಜಿಕಿ. ನೋಡದ ಬಿಟ್ಟಿದ್ದು ಒಂದ ಇದ್ರೂ ಮನಿಗೆ ಹೋಗಿ ಉಣ್ಣಾಕ ಮನಸ್ಸ ಬರ್ತಿದ್ದಿಲ್ಲ."

ಶ್ರದ್ಧೆ ಎಂದು ನಾನು ಹೆಸರಿಟ್ಟಿದ್ದನ್ನು ಆತ ಅಂಜಿಕೆ ಎಂದ. ಯಾವುದು ಸರಿಯೋ ನನಗೆ ತಿಳಿಯದು. ಶ್ರದ್ಧೆಯಿಂದ ದುಡಿದರೆ ಬಡ್ತಿ ತಾನಾಗಿ ಬರುತ್ತದೆ ಎಂದು ತರಬೇತಿಗೆ ಬಂದವರಿಗೆ ನಾನು ಹೇಳಿದವಳಲ್ಲ. ಆತನ ಶ್ರದ್ಧೆಯೇ ಆತ ಕಾಯಂ ಆಗುವುದಕ್ಕೆ ಅಡ್ಡವಾಗಿತ್ತು, ಅಡ್ಡ ಹಾಕಿದವಳು ನಾನೇ. ಆದರೆ ನನ್ನ ಬಗ್ಗೆ ಒಂದು ಮಾತು ಖಚಿತವಾಗಿ ಹೇಳಬಲ್ಲೆ. ನನ್ನ ಚುರುಕುತನವೆಂದರೆ ಬಹುಪಾಲು ಗೊಂದಲದ ಭಯ. ಅರ್ಥವಾಗದ್ದು ಎದುರಾದರೆ ಅದಕ್ಕೊಂದು ಹೆಸರು ಕೊಟ್ಟು, ಸಹಿ ಹಾಕಿ, ಮುಂದಿನದಕ್ಕೆ ಹೋಗಿಬಿಡುತ್ತಿದ್ದೆ. ಗೊತ್ತಾಗುತ್ತಿಲ್ಲ ಎಂದು ಒಪ್ಪಿಕೊಂಡು ಆ ಗೊಂದಲದಲ್ಲೇ ಕೂತಿರುವುದೂ ಈ ಕೆಲಸದ ಒಂದು ಭಾಗ ಎಂದು ನನಗೆ ಯಾರೂ ಕಲಿಸಿರಲಿಲ್ಲ. ನನಗೆ ಕುರ್ಚಿ ಮೊದಲು ಸಿಕ್ಕಿತು. ಅದರಲ್ಲಿ ಕೂರಲು ಬೇಕಾದ ಗುಣ ಬಂದದ್ದು ಆಮೇಲೆ, ಅದೂ ಕೈಕೆಳಗಿದ್ದವನನ್ನು ನೋಡಿ.