ಕೊನೇ ಭಾಗದ ಚಾನಲ್ಲು

ಮೊನ್ನೆ ಭಾನುವಾರ ಬೀರು ತೆಗೆದೆ. ಮಳೆಗಾಲ ಹಿಡಿಯುವ ಮುಂಚೆ ಸೀರೆಗಳಿಗೆ ಬಿಸಿಲು ತೋರಿಸುವುದು ನಮ್ಮ ಮನೆಯ ಪದ್ಧತಿ. ಪದ್ಧತಿ ಎಂದರೆ, ತೋರಿಸುವವಳು ನಾನೊಬ್ಬಳೇ. ಉಳಿದವರು ಆಗಾಗ ಬಂದು "ಇದ್ಯಾವಾಗ ತಗೊಂಡಿದ್ದು?" ಎಂದು ಅನುಮಾನದಿಂದ ಕೇಳಿ ಹೋಗುತ್ತಾರೆ. ಬೀರುವಿನ ಬಾಗಿಲು ಕಿರ್ರೆಂದಿತು, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನಿಮಗೆ ಮದುವೆಮನೆಯೋ, ಅಮ್ಮನ ರೇಷ್ಮೆ ಸೀರೆಯೋ ನೆನಪಾಗಬಹುದು. ನನಗೆ ವೈಫೈ ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

ನಾನು ಈಗ ಕಡೂರಿನವಳು. ಬೆಳೆದದ್ದು ತರೀಕೆರೆ ಕಡೆಯ ಹಳ್ಳಿಯಲ್ಲಿ, ದೊಡ್ಡಪ್ಪ ದೊಡ್ಡಮ್ಮನ ಮನೆಯಲ್ಲಿ. ಆ ಸೀಮೆಯಲ್ಲಿ ನಾಲೆಯನ್ನು ಯಾರೂ ನಾಲೆ ಅನ್ನುವುದಿಲ್ಲ, ಚಾನಲ್ಲು ಅನ್ನುತ್ತಾರೆ. ಚಾನಲ್ಲಿಗೆ ನೀರು ಬಿಟ್ಟರು, ಚಾನಲ್ ಏರಿ ಮೇಲೆ ಬಾ, ಎಮ್ಮೆ ಚಾನಲ್ಲಿಗೆ ಇಳೀತು. ಟೀವಿ ಬರುವುದಕ್ಕೆ ಎಷ್ಟೋ ಮೊದಲು ನಮಗೆ ಚಾನಲ್ಲು ಗೊತ್ತಿತ್ತು. ಟೀವಿ ಬಂದಾಗ "ಇದ್ರಾಗೆ ಬೇರೆ ಬೇರೆ ಚಾನಲ್ ಇದಾವಂತೆ" ಎಂದು ಕೇಳಿ ದೊಡ್ಡಪ್ಪ, "ಎಲ್ಲಾದ್ರಾಗೂ ನೀರು ಐತಾ?" ಎಂದಿದ್ದರಂತೆ. ಅವರು ತಮಾಷೆಗೆ ಹೇಳಿದರೋ ನಿಜವಾಗಿ ಕೇಳಿದರೋ ಮನೆಯಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ.

ಚಾನಲ್ಲಿನ ನೀರು ತೂಬಿನಿಂದ ಇಳಿದು ಮೊದಲು ಮೇಲಿನ ಗದ್ದೆಗಳಿಗೆ ಹೋಗುತ್ತದೆ, ಆಮೇಲೆ ಮಧ್ಯದವರಿಗೆ, ಉಳಿದರೆ ಕೊನೇ ಭಾಗಕ್ಕೆ. ದೊಡ್ಡಪ್ಪನ ಗದ್ದೆ ಇರುವುದು ಕೊನೇ ಭಾಗದಲ್ಲಿ. ಅವರಿಗಿಂತ ಮೇಲಿನದು ರುದ್ರಪ್ಪನವರದು. ರುದ್ರಪ್ಪ ದೊಡ್ಡಪ್ಪನಿಗೆ ದಾಯಾದಿ. ಮನೆಗೆ ಮನೆ ತಾಗಿಕೊಂಡೇ ಇದೆ, ನಡುವೆ ಒಂದೇ ಮಣ್ಣಿನ ಗೋಡೆ. ಒಂದು ಬೇಸಿಗೆಯಲ್ಲಿ ರುದ್ರಪ್ಪ ಕಾಲುವೆಗೆ ಹುಲ್ಲುಹೆಂಟೆ ಅಡ್ಡ ಹಾಕಿ ನೀರು ತಿರುಗಿಸಿಕೊಂಡರೆಂದು ಮಾತು ಬಂತು, ಮಾತು ನಿಂತಿತು. ನಿಂತದ್ದು ಎದುರುಬದುರು ಮಾತು ಮಾತ್ರ. ಏನಾದರೂ ಹೇಳಲೇಬೇಕಾದರೆ ಇಬ್ಬರೂ ತಂತಮ್ಮ ಹಸುವಿಗೆ ಹೇಳುತ್ತಿದ್ದರು. "ಲೇ ಗೌರೀ, ಕೆಲವ್ರು ಹುಲ್ಲು ಒಣಗ್ಹಾಕೋದು ನಮ್ಮ ಕಣದಾಗೆ ಕಣೇ" ಎಂದು ಇವರು. ಆ ಕಡೆಯ ಹಸುವಿಗೂ ಆಗಾಗ ಉತ್ತರ ತಲುಪುತ್ತಿತ್ತು. ಪಾಪ, ಆ ಎರಡು ಹಸುಗಳಿಗೆ ಗೊತ್ತಿದ್ದಷ್ಟು ಮನೆವಾರ್ತೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಇನ್ನು ದೊಡ್ಡಮ್ಮ. ಅವರ ಕಂಠ ಮಂದ್ರದಲ್ಲಿ ಶುರುವಾಗಿ ಹೆಂಚಿನವರೆಗೂ ಏರುತ್ತದೆ. ಸುತ್ತಲ ಊರುಗಳ ಹೆಂಗಸರು ಸೇರಿ ಮಠದಲ್ಲಿ ತಿಂಗಳಿಗೊಮ್ಮೆ ವಚನ ಹಾಡುತ್ತಾರೆ, ಎತ್ತಿ ಹಾಡುವುದು ದೊಡ್ಡಮ್ಮ, ಮಿಕ್ಕವರು ಹಿಂದೆ. ಮಂಡಿನೋವು ಹಿಡಿದ ಮೇಲೆ ಅಭ್ಯಾಸಕ್ಕೆ ಅಜ್ಜಂಪುರದವರೆಗೆ ಬಸ್ಸಿನಲ್ಲಿ ಹೋಗುವುದು ಕಷ್ಟವಾಯಿತು. ಗುಂಪಿನ ಗಿರಿಜಕ್ಕ ಅಜ್ಜಂಪುರದವರು, ಚುರುಕು. ಫೋನಿನಲ್ಲೇ ವಿಡಿಯೋ ಹಾಕಿಕೊಂಡು ಗುರುವಾರ ಮಧ್ಯಾಹ್ನ ಅಭ್ಯಾಸ ಮಾಡುವ ಏರ್ಪಾಡು ಮಾಡಿದರು. ದೊಡ್ಡಪ್ಪನ ಮಗನಿಗೆ ತರೀಕೆರೆಯಲ್ಲಿ ಗೊಬ್ಬರದ ಅಂಗಡಿ. ಅವನು ಮನೆಗೆ ನೆಟ್ಟು ಹಾಕಿಸಿ, ವೈಫೈ ಡಬ್ಬ ಇಡಿಸಿ, ಅಂಗಡಿಗೆ ಹೋದ.

ಆ ಬೇಸಿಗೆ ರಜಕ್ಕೆ ನಾನು ಹೋದಾಗ ದೊಡ್ಡಮ್ಮನ ಮುಖ ಸಪ್ಪಗಿತ್ತು. ಹಿಂದಿನ ಕೋಣೆಯಲ್ಲಿ ಕೂತು ಹಾಡುತ್ತಾರೆ, ಇವರ ಸಾಲು ಬರುವ ಹೊತ್ತಿಗೆ ಚಿತ್ರ ಕಲ್ಲಾಗಿ ನಿಲ್ಲುತ್ತದೆ, ದನಿ ಚೂರು ಚೂರಾಗುತ್ತದೆ.

"ಮುಂದಿನ ಹಜಾರದಾಗೆ ಕೂತ್ಕೊಳ್ಳಿ ದೊಡ್ಡಮ್ಮಾ," ಎಂದೆ.

"ಅಲ್ಲಿ ನಿಮ್ಮ ದೊಡ್ಡಪ್ಪ ಮಲ್ಗಿರ್ತಾರೆ. ನಾನು ಮೇಲೆತ್ತಿದ್ರೆ ಅವ್ರೂ ಗೊರಕೆ ಮೇಲೆತ್ತಾರೆ. ಗಿರಿಜ ಅದ್ಯಾರಕ್ಕಾ ತಂಬೂರಿ ಅಂತಾಳೆ."

ಈಗ ನನ್ನ ಬಗ್ಗೆ ಒಂದು ಮಾತು. ನಾನು ಕಡೂರಿನ ಒಂದು ಶಾಲೆಯ ಆಫೀಸಿನಲ್ಲಿದ್ದೇನೆ. ಅಲ್ಲಿಗೆ ಮೊದಲ ವೈಫೈ ಬಂದಾಗ ಅದರ ಜೊತೆಗಿದ್ದ ಪುಸ್ತಕವನ್ನು ಓದಿದ ತಪ್ಪಿಗೆ ನನ್ನನ್ನೇ ನೆಟ್ಟು ಮೇಡಂ ಮಾಡಿಬಿಟ್ಟರು. ಅಂದಿನಿಂದ ಲೈಟು ಹೋದರೂ ನನ್ನನ್ನೇ ಕರೆಯುತ್ತಾರೆ. ಆ ಹೆಮ್ಮೆಯಲ್ಲಿ ಸೆರಗು ಸಿಕ್ಕಿಸಿಕೊಂಡು "ಎಲ್ಲಿ ಡಬ್ಬ?" ಎಂದೆ. ದೊಡ್ಡಮ್ಮ ದೊಡ್ಡಪ್ಪನ ಕಡೆ ನೋಡಿದರು. ಗೋಡೆಯ ಮೇಲೆ ಬಂದಿದ್ದ ತಂತಿಯನ್ನು ಹಿಡಿದು ಹೊರಟೆ. ಅದು ಹಜಾರ ದಾಟಿ, ಕಬ್ಬಿಣದ ಬೀರುವಿನ ಹಿಂದೆ ಹೋಗಿ, ತುಕ್ಕು ತಿಂದ ಒಂದು ತೂತಿನಿಂದ ಒಳಗೆ ಇಳಿದಿತ್ತು. ಬೀರುವಿಗೆ ಬೀಗ. ಬೀಗದ ಕೈ ದೊಡ್ಡಪ್ಪನ ಜನಿವಾರಕ್ಕಲ್ಲ, ಅವರು ಲಿಂಗವಂತರು, ಉಡುದಾರಕ್ಕೆ.

"ಯಾಕೆ ದೊಡ್ಡಪ್ಪಾ ಬೀರುವಿನೊಳಗೆ?"

"ಬಸೀತದೆ ಕಣೇ ಪುಟ್ಟಿ," ಎಂದರು ಸಣ್ಣ ದನಿಯಲ್ಲಿ, ಗೋಡೆಯ ಕಡೆ ಕಣ್ಣು ಮಾಡಿ. ನನ್ನ ತಲೆ ಮುಕ್ಕಾಲು ನರೆತರೂ ಅವರಿಗೆ ನಾನು ಪುಟ್ಟಿಯೇ. "ಈಚೆ ಇಟ್ರೆ ಗ್ವಾಡೆ ಆಚೆಗೆ ಬಸ್ದು ಹೋಗ್ತದೆ. ಮೇಲ್ನೋರ ಗದ್ದೆ ಬಸಿನೀರು ನಮ್ಗೆ ಬಂದಿದ್ದು ಸಾಲ್ದು ಅಂತ, ನಮ್ಮ ನೆಟ್ಟು ಅವ್ನಿಗೆ ಬಿಡ್ಲಾ?"

ಬೀಗ ತೆಗೆಸಿದೆ. ದೊಡ್ಡಮ್ಮನ ಮದುವೆ ಸೀರೆಗೂ ಹಳೇ ಕಂಬಳಿಗೂ ನಡುವೆ ಡಬ್ಬ ಬೆಚ್ಚಗೆ ಮಲಗಿ ಹಸಿರು ದೀಪ ಮಿಟುಕಿಸುತ್ತಿತ್ತು. ಹಣೆಗೆ ಮೂರು ಗೆರೆ ವಿಭೂತಿ, ಸುತ್ತಲೂ ನುಸಿಗುಳಿಗೆ. ನುಸಿ ಒಂದೂ ಹತ್ತಿರ ಬಂದಿರಲಿಲ್ಲ. ಸಿಗ್ನಲ್ಲೂ ಅಷ್ಟೇ, ಹೊರಗೆ ಹೋಗಿರಲಿಲ್ಲ.

ಕಬ್ಬಿಣ ಅಲೆಗಳನ್ನು ತಡೆಯುತ್ತದೆ, ದಪ್ಪ ಮಣ್ಣುಗೋಡೆ ನುಂಗುತ್ತದೆ, ಡಬ್ಬ ಎತ್ತರದಲ್ಲಿ, ಬಯಲಿಗೆ, ಬೇಕಾದ ಜಾಗಕ್ಕೆ ಹತ್ತಿರ ಇರಬೇಕು ಎಂದು ಶಾಲೆಯ ದನಿಯಲ್ಲಿ ಪಾಠ ಮಾಡಿದೆ. ಇದಕ್ಕೆ ಆಕ್ಸೆಸ್ ಪಾಯಿಂಟ್ ಅನ್ನುತ್ತಾರೆ, ಮನೆಗೆ ಬಂದ ನೆಟ್ಟು ಇಲ್ಲಿಂದಲೇ ಎಲ್ಲರಿಗೂ ಹಂಚಿಕೆಯಾಗುವುದು ಎಂದೆ. ದೊಡ್ಡಪ್ಪ ಪೂರ್ತಿ ಕೇಳಿ, "ತೂಬು ಅನ್ನು, ಅದಕ್ಯಾಕೆ ಅಷ್ಟುದ್ದ," ಎಂದರು. ಪಾಠ ಅಲ್ಲಿಗೆ ಮುಗಿಯಿತು.

ತೂಬನ್ನು ಹಿಂದಿನ ಕೋಣೆಗೆ ಸಾಗಿಸಿದ್ದಾಯಿತು. ಉದ್ದದ ತಂತಿ ತರಿಸಿ, ತೊಲೆಯ ಮೇಲೆ ಹಾಯಿಸಿ, ಅಟ್ಟದ ಅಂಚಿನಲ್ಲಿ ಕೂರಿಸಿ, ಮಲಗಿದ್ದ ಎರಡು ಆಂಟೆನಾ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿದೆ. ದೊಡ್ಡಮ್ಮ ಫೋನು ಹಿಡಿದು ಗಿರಿಜಕ್ಕನಿಗೆ ಕರೆ ಮಾಡಿದರು. ಬೆಳಗಿನ ಹೊತ್ತು, ಕನ್ನಡಿಯಂತೆ ಬಂತು. ನಾನು ಎರಡು ಹೋಳಿಗೆ ಹೆಚ್ಚು ತಿಂದೆ.

ಗುರುವಾರ ಮಧ್ಯಾಹ್ನ ಮತ್ತೆ ಕಲ್ಲು.

ಫೋನಿನಲ್ಲಿ ಹುಡುಕಿ ನೋಡಿದೆ. ಗೋಡೆಯಾಚೆ ರುದ್ರಪ್ಪನವರ ಡಬ್ಬ. ಅವರು ಊಟವಾದ ಮೇಲೆ ದೊಡ್ಡ ಟೀವಿಯಲ್ಲಿ ನೆಟ್ಟಿನಿಂದ ಕುಸ್ತಿ ನೋಡುತ್ತಾರೆ. ವೈಫೈ ಅಲೆಗಳು ಹರಿಯುವ ದಾರಿಗೂ ಚಾನಲ್ಲು ಎಂದೇ ಹೆಸರು. ಅವರದೂ ಆರನೆಯ ಚಾನಲ್ಲು, ನಮ್ಮದೂ ಆರು. ಒಂದೇ ಚಾನಲ್ಲಿನಲ್ಲಿ ಒಬ್ಬರು ಹರಿಸುವಾಗ ಇನ್ನೊಬ್ಬರು ಕಾಯಬೇಕು. ಪೈಲ್ವಾನರು ಪಟ್ಟು ಹಾಕುವಷ್ಟು ಹೊತ್ತೂ ದೊಡ್ಡಮ್ಮನ ವಚನ ಗೋಡೆಯ ಬುಡದಲ್ಲಿ ಕಾಯುತ್ತಿತ್ತು. ಇದನ್ನು ನಾನು ಬೇರೆ ಮಾತಿನಲ್ಲಿ ಹೇಳಬಹುದಿತ್ತು. ಆದರೆ ಬಾಯಿಗೆ ಬಂದದ್ದು ಹೀಗೆ: "ದೊಡ್ಡಪ್ಪಾ, ನೀವೂ ರುದ್ರಪ್ಪನೋರೂ ಒಂದೇ ಚಾನಲ್ಲಾಗಿದೀರ."

ದೊಡ್ಡಪ್ಪ ಮಂಚದಿಂದ ಎದ್ದು ಕೂತರು. "ಇಲ್ಲೂ ಬಂದ್ನಾ?"

ಹಲವು ಚಾನಲ್ಲುಗಳಿವೆ, ಆದರೆ ಒಂದಕ್ಕೊಂದು ತಾಗದೆ ದೂರ ದೂರ ಇರುವುದು ಒಂದು, ಆರು, ಹನ್ನೊಂದು ಎಂದು ವಿವರಿಸಿದೆ. ಬೇರೆಯದಕ್ಕೆ ಹೋದರೆ ಆಯಿತು, ಹನ್ನೊಂದಕ್ಕೆ ಹಾಕಲಾ?

"ಒಂದು ಅಂದ್ರೆ ಮೇಲ್ಭಾಗ, ಹನ್ನೊಂದು ಅಂದ್ರೆ ಕೊನೇ ಭಾಗ, ಅಲ್ವಾ?"

"ಹಂಗೇನಿಲ್ಲ ದೊಡ್ಡಪ್ಪಾ, ಎಲ್ಲಾ ಒಂದೇ. ಬರೀ ನಂಬರು."

"ಎಲ್ಲಾ ಒಂದೇ ಅಂತ ಮೇಲ್ನೋರೇ ಹೇಳೋದು," ಎಂದರು. "ಹುಟ್ಟಿದಾಗಿಂದ ಕೊನೇ ಭಾಗದಾಗೆ ಸತ್ತಿದೀನಿ. ಒಂದಕ್ಕೆ ಹಾಕು."

ಹಾಕಿದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಸಂಜೆ ದೊಡ್ಡಪ್ಪ ಹಿತ್ತಲಿಗೆ ಹೋಗಿ ಹಸುವಿನ ಬೆನ್ನು ತಟ್ಟಿ, ಊರಿಗೆಲ್ಲ ಕೇಳುವಂತೆ, "ಗೌರೀ, ನಾವೀಗ ಒಂದ್ನೇ ಚಾನಲ್ಲು ಕಣೇ! ಆರ್ನೇದ್ರಾಗೆ ಇರೋರು ಇರ್ಲಿ ಬಿಡು!" ಎಂದರು. ಗೌರಿ ಮೆಲುಕು ಹಾಕಿತು. ಗೋಡೆಯಾಚೆ ಯಾರೋ ಕೆಮ್ಮಿದರು.

ಮುಂದಿನ ಗುರುವಾರ ಮತ್ತೆ ನೋಡುತ್ತೇನೆ, ರುದ್ರಪ್ಪನವರ ಡಬ್ಬವೂ ಒಂದಕ್ಕೆ ಬಂದು ಕೂತಿದೆ! ಅವರ ಸೊಸೆ ಸವಿತಾ ಬಟ್ಟೆ ಒಣಗಿಸುತ್ತಿದ್ದಳು. ಬೇಲಿಯ ಬಳಿ ಹೋಗಿ ಕೇಳಿದೆ.

"ಏನ್ ಮಾಡ್ಲಿ ಅಕ್ಕಾ," ಎಂದಳು ನಗು ತಡೆದುಕೊಂಡು. "ಮಾವನೋರು ಅನ್ನಾನೇ ಮುಟ್ಲಿಲ್ಲ. ಕೆಳಗ್ನೋರು ಒಂದ್ರಾಗೆ ಅವ್ರಂತೆ, ನಾವ್ಯಾಕೆ ಆರ್ರಾಗೆ ಅಂತ. ನಂಗೂ ಗೊತ್ತಿರ್ಲಿಲ್ಲ, ನನ್ನ ತಮ್ಮನ್ನ ಕೇಳ್ಕೊಂಡು ಹಾಕ್ದೆ. ಈಗ ಕುಸ್ತಿನೂ ನಿಂತು ನಿಂತು ಬರ್ತೈತೆ, ಆದ್ರೂ ಬೇಡ ಅನ್ನಂಗಿಲ್ಲ."

ಆವತ್ತಿನ ಅಭ್ಯಾಸ ನನಗೆ ಚೆನ್ನಾಗಿ ನೆನಪಿದೆ. ದೊಡ್ಡಮ್ಮ ಕೆಂಪಂಚಿನ ಸೀರೆ ಉಟ್ಟು, ಫೋನನ್ನು ಅಕ್ಕಿಡಬ್ಬಕ್ಕೆ ಒರಗಿಸಿ, ಕಣ್ಣು ಮುಚ್ಚಿ ಎತ್ತಿದರು. ಸಾಲು ಮುಗಿಸಿ ಕಣ್ಣು ತೆರೆದರೆ ಆಚೆ ಕಡೆಯ ಹೆಂಗಸರೆಲ್ಲ ಬಾಯಿ ಅರ್ಧ ತೆರೆದು ನಿಂತುಬಿಟ್ಟಿದ್ದರು. ಅವರು ಇನ್ನೂ ಮೊದಲ ಪದಕ್ಕೇ ಕಾಯುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಗಿರಿಜಕ್ಕನ ದನಿ ಮಾತ್ರ ಬಂತು.

"ಅಕ್ಕಾ, ಬೇಜಾರ್ ಮಾಡ್ಕೋಬ್ಯಾಡಿ. ಮಠದಾಗೆ ಹಾಡೋಕೆ ಇನ್ನೊಂದೇ ಅಭ್ಯಾಸ ಇರೋದು. ಅದೂ ಹಿಂಗಾದ್ರೆ ಎತ್ತೋದು ಬೇರೆಯೋರಿಗೆ ಕೊಡ್ಬೇಕಾಗ್ತದೆ. ನೀವು ಹಿಂದ್ಗಡೆ ಸೇರ್ಕಳಿ, ಆಯ್ತಾ?"

"ಆಯ್ತು ಕಣಮ್ಮ," ಎಂದರು ದೊಡ್ಡಮ್ಮ. ಫೋನು ಮಗುಚಿಟ್ಟರು. ಒಳಗೆ ಹೋಗಿ ಅವರೆಕಾಳು ಹರವಿಕೊಂಡು ಕೂತರು. ಕಾಳು ಆರಿಸುವಾಗ ಅವರು ಗುನುಗದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ದೊಡ್ಡಪ್ಪ ಬಾಗಿಲ ಹತ್ತಿರ ನಿಂತಿದ್ದರು. ಗೊರಕೆ ಹೊಡೆಯುವವರಿಗೆ ಎಲ್ಲವೂ ಕೇಳಿಸಿತ್ತು. ಹೋದರು, ಬಂದರು, ನೀರು ಕುಡಿದರು. "ಕಾಫಿ ಮಾಡ್ತೀಯೇನೇ?" ಎಂದರು. ದೊಡ್ಡಮ್ಮ ಮಾಡಿಕೊಟ್ಟು ಮತ್ತೆ ಕಾಳಿನ ಮುಂದೆ ಕೂತರು. ದೊಡ್ಡಪ್ಪ ಕಾಫಿ ಲೋಟ ಹಿಡಿದು ನನ್ನ ಹತ್ತಿರ ಬಂದು ಕೂತರು.

"ಪುಟ್ಟಿ, ಆ ಹನ್ನೊಂದ್ರಾಗೆ ಯಾರದಾರೆ?"

"ಯಾರೂ ಇಲ್ಲ ದೊಡ್ಡಪ್ಪಾ. ಖಾಲಿ."

ಲೋಟ ಕೆಳಗಿಟ್ಟರು. ಹೆಗಲ ಮೇಲಿನ ಟವೆಲ್ಲಿನಿಂದ ಮೂಗು ಒರೆಸಿಕೊಂಡರು.

"ಹಾಕು. ನಾವು ಕೊನೇ ಭಾಗದೋರೇ. ಅಭ್ಯಾಸ ಐತೆ." ಆಮೇಲೆ ಬೆರಳೆತ್ತಿ, "ಗೌರಿಗೆ ಹೇಳ್ಬೇಡ," ಎಂದರು.

ಗೌರಿಗೆ ನಾನು ಹೇಳಲಿಲ್ಲ. ಆದರೆ ನನಗೊಂದು ಕೀಟಲೆ ಬುದ್ಧಿ. ಚಾನಲ್ಲು ಬದಲಾಯಿಸುವಾಗಲೇ ನಮ್ಮ ವೈಫೈಯ ಹೆಸರನ್ನೂ ಬದಲಾಯಿಸಿದೆ. ಸುತ್ತಲಿನ ಯಾವ ಫೋನು ತೆಗೆದರೂ ಕಾಣುವ ಹಾಗೆ, ಅಚ್ಚ ಕನ್ನಡದಲ್ಲಿ, 'ಕೊನೇ ಭಾಗ'.

ಕೊನೆಯ ಅಭ್ಯಾಸದ ಗುರುವಾರ ದೊಡ್ಡಪ್ಪ ಮಲಗಲೇ ಇಲ್ಲ. ಹಿಂದಿನ ಕೋಣೆಯ ಹೊಸಿಲಲ್ಲಿ ಕೂತು ಅಟ್ಟದ ಮೇಲಿನ ಹಸಿರು ದೀಪವನ್ನೇ ನೋಡುತ್ತಿದ್ದರು, ಗದ್ದೆಯ ಬದುವಿನ ಮೇಲೆ ನೀರಿಗೆ ಕೂತಂತೆ. ದೊಡ್ಡಮ್ಮ ಎತ್ತಿದರು. ಫೋನಿನಿಂದ ಅಷ್ಟೂ ಹೆಂಗಸರ ದನಿ ಒಟ್ಟಿಗೆ ಹಿಂದೆ ಬಂತು. ಎರಡನೆಯ ಸಾಲು, ಮೂರನೆಯದು. ಎಲ್ಲೂ ತುಂಡಾಗಲಿಲ್ಲ. ಕೊನೆಗೆ ಗಿರಿಜಕ್ಕ, "ಅಕ್ಕಾ, ನೀವೇ ಎತ್ಬೇಕು, ಬಿಡಲ್ಲ" ಎಂದರು. ದೊಡ್ಡಮ್ಮ ಸೆರಗಿನಿಂದ ಫೋನಿನ ಗಾಜು ಒರೆಸಿದರು, ಅದೇನೂ ಮಸುಕಾಗಿರಲಿಲ್ಲ.

ಆಗಲೇ ಗೋಡೆಯಾಚೆಯಿಂದ, ಹಸುವಿನ ಹೆಸರಿಲ್ಲದೆ, ನೇರವಾಗಿ ಒಂದು ದನಿ.

"ಏನಪ್ಪಾ, ಕೊನೇ ಭಾಗಕ್ಕೆ ನೀರು ಬಂತಾ?"

ದೊಡ್ಡಪ್ಪ ಗೋಡೆ ನೋಡಿದರು, ನನ್ನನ್ನು ನೋಡಿದರು. ಹೆಸರು ಬದಲಾಯಿಸಿದ ನನ್ನ ಕೈಯನ್ನೂ ಒಮ್ಮೆ ನೋಡಿದರು ಅನ್ನಿಸಿತು.

"ಬಂತು, ಬಂತು," ಎಂದರು ಕೂಗಿ. ಆಮೇಲೆ, ಅಷ್ಟಕ್ಕೇ ಬಿಟ್ಟರೆ ಸೋತಂತಾಗುತ್ತದೆಂದೋ ಏನೋ, "ನಿನ್ನ ಕುಸ್ತಿ ಏನಾಯ್ತು?" ಎಂದು ಸೇರಿಸಿದರು.

ಅವರು ಅಪ್ಪಿಕೊಂಡು ಅತ್ತರೆಂದು ನೀವು ಎಣಿಸಬೇಡಿ. ಗದ್ದೆಯ ಜಗಳ ಇವತ್ತಿಗೂ ಇದೆ. ಆದರೆ ಎರಡು ಹಸುಗಳಿಗೆ ಕೆಲಸ ಕಡಿಮೆಯಾಯಿತು.

ಮೊನ್ನೆ ಬೀರು ತೆಗೆಯುವ ಮುಂಚೆ ನಾನು ಸಿಟ್ಟಿನಲ್ಲಿದ್ದೆ, ಅದನ್ನು ನಿಮಗೆ ಹೇಳಲೇ ಇಲ್ಲ. ನಮ್ಮ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದವರು ಡಬ್ಬ ಹಾಕಿಸಿಕೊಂಡ ದಿನದಿಂದ ನನ್ನ ಅಡುಗೆಮನೆಯಲ್ಲಿ ನೆಟ್ಟು ತೆವಳುತ್ತಿತ್ತು. ಅವರದೂ ನಮ್ಮದೂ ಒಂದೇ ಚಾನಲ್ಲು. ಮೊದಲು ಬಂದವರು ನಾವು, ಬದಲಾಯಿಸಬೇಕಾದವರು ಅವರು ಎಂದು ಮೆಟ್ಟಿಲು ಹತ್ತಿ ಹೇಳಲು ನಾಲ್ಕು ಮಾತು ಜೋಡಿಸಿ ಇಟ್ಟುಕೊಂಡಿದ್ದೆ.

ಸೀರೆಗಳನ್ನು ತಂತಿಯ ಮೇಲೆ ಹರವಿ ಒಳಗೆ ಬಂದೆ. ಫೋನು ತೆಗೆದು ನಮ್ಮದನ್ನೇ ಹನ್ನೊಂದಕ್ಕೆ ಹಾಕಿದೆ. ಹಾಕಿದ್ದು ಸರಿಯಾಯಿತೋ ಇಲ್ಲವೋ ನೋಡೋಣವೆಂದು ಒಲೆಯ ಪಕ್ಕ ನಿಂತು ದೊಡ್ಡಪ್ಪನಿಗೆ ವಿಡಿಯೋ ಕರೆ ಮಾಡಿದೆ. ಅವರ ಕಿವಿ ಮಾತ್ರ ದೊಡ್ಡದಾಗಿ ಕಾಣಿಸಿತು. ಅವರಿಗೆ ಫೋನೆಂದರೆ ಕಿವಿಗೆ ಹಿಡಿಯುವುದು.

"ಏನೇ ಪುಟ್ಟಿ?"

"ಏನಿಲ್ಲ ದೊಡ್ಡಪ್ಪಾ. ನಾನೂ ಕೊನೇ ಭಾಗಕ್ಕೆ ಬಂದೆ."

ಕಿವಿ ಸ್ವಲ್ಪ ಹೊತ್ತು ಯೋಚಿಸಿತು. "ಹಂಗಾದ್ರೆ ಸುಮ್ಕೆ ನಿಂತ್ಕೋ," ಎಂದರು. "ಅವ್ಳು ಕಾಳು ಆರಿಸ್ತಾವ್ಳೆ. ಕೇಳ್ತದಾ ನೋಡು."

ಕೇಳುತ್ತಿತ್ತು, ದೊಡ್ಡಮ್ಮನ ಗುನುಗು. ಸಾರು ಕುದಿದು ಉಕ್ಕುವವರೆಗೂ, ಎಲ್ಲೂ ತುಂಡಾಗದೆ.