ನೀರು ಪೋಲಿ

ಮೊನ್ನೆ ಉಸುಲಿ ಮಾಡೋಣವೆಂದು ನೆನೆಹಾಕಿದ್ದ ಕಡಲೆಕಾಳಿನ ಮುಚ್ಚಳ ತೆಗೆದೆ. ಆ ಹಸಿ ಹಸಿ, ತುಸು ಹುಳಿ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ, ಮುಚ್ಚಳ ಮತ್ತೆ ಮುಚ್ಚಿಬಿಟ್ಟೆ. ನಾನೀಗ ದಾವಣಗೆರೆಯಲ್ಲಿ ನರ್ಸ್. ರಕ್ತ ಕಂಡು ಹೆದರದವಳು ಕಡಲೆಕಾಳಿಗೆ ಹೆದರುತ್ತೇನೆ ಅಂದರೆ ಯಾರಾದರೂ ನಂಬುತ್ತಾರೆಯೇ!

ಹೊನ್ನಾಳಿಯ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಿದ್ದಾಕೆಯನ್ನು ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ನಾನು ಜಗಳೂರು ಕಡೆಯವಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಫಸ್ಟ್ ಪಿಯುಸಿ ಸೈನ್ಸಿಗೆ ಸೇರಿ, ಕೆಮಿಸ್ಟ್ರಿಯಲ್ಲಿ ಫೇಲಾಗಿ, ಸಪ್ಲಿಮೆಂಟರಿಗೆಂದು ರಜೆಯಲ್ಲೂ ಹಾಸ್ಟೆಲ್ಲಿನಲ್ಲೇ ಉಳಿದಿದ್ದೆ. ಈ ಸಲವೂ ಫೇಲಾದರೆ ಹಾಸ್ಟೆಲ್ ಸೀಟು ಹೋಗುತ್ತಿತ್ತು. "ಸೀಟು ಹೋದ್ರೆ ಓದೂ ಹೋತು ಅಂತ ತಿಳ್ಕ," ಎಂದು ಅಪ್ಪ ಫೋನಿನಲ್ಲಿ ಒಂದೇ ಮಾತು ಹೇಳಿ ಇಟ್ಟಿದ್ದ. ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಹೇಳಿದ್ದಕ್ಕೇ ನನಗೆ ಜೀವ ಬಾಯಿಗೆ ಬಂದಿತ್ತು.

ಕೆಮಿಕಲ್ ಬಾಂಡಿಂಗ್ ಪಾಠ ಒಂದನ್ನು ಗಟ್ಟಿ ಮಾಡಿಕೊಂಡರೆ ದಡ ಸೇರಬಹುದು ಎಂದು ಕೆಮಿಸ್ಟ್ರಿ ಸರ್ ಹೇಳಿದ್ದರು. ಆ ಪಾಠ ತೆರೆದರೆ ತಲೆಬುಡ ತಿಳಿಯುತ್ತಿರಲಿಲ್ಲ. ಒಂದು ಅಣು ನೆಟ್ಟಗಂತೆ, ಇನ್ನೊಂದು ತ್ರಿಕೋನವಂತೆ, ಮತ್ತೊಂದಕ್ಕೆ ನೂರಾ ಒಂಬತ್ತೂವರೆ ಡಿಗ್ರಿಯಂತೆ… ಯಾಕೆ ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಸಂಜೆಗೆ ಮಂಗಮಾಯ. ಒಂದು ಮಧ್ಯಾಹ್ನ ಅಡುಗೆಮನೆ ಮೆಟ್ಟಿಲ ಮೇಲೆ ಕೂತು ಅತ್ತೇಬಿಟ್ಟೆ.

"ಅಳಾಕೆ ಏನೈತೆ ಅದ್ರಾಗೆ? ನಂಗೆ ಹೇಳು ನೋಡಾಣ," ಎಂದು ದೊಡ್ಡಮ್ಮ, ಪುಸ್ತಕದಲ್ಲಿದ್ದ ಗುಂಡು-ಗೆರೆಯ ಚಿತ್ರ ನೋಡಿ, ನೆನೆಸಿದ ಕಡಲೆಕಾಳನ್ನೂ ಹೊಸ ಪೊರಕೆಯಿಂದ ಕಿತ್ತ ಕಡ್ಡಿಗಳನ್ನೂ ತಂದು ಮುಂದಿಟ್ಟಳು. ಆಕೆ ಓದಿದ್ದು ಏಳನೇ ಕ್ಲಾಸು. ಇಲೆಕ್ಟ್ರಾನ್ ಜೋಡಿಗಳು ಒಂದನ್ನೊಂದು ದೂರ ತಳ್ಳುತ್ತವೆ, ಅದರಿಂದಲೇ ಅಣುವಿಗೆ ಆಕಾರ ಎಂದು ನಾನು ಮೂಗೊರೆಸಿಕೊಂಡು ಓದಿ ಹೇಳಿದೆ. ಆಕೆ ನಕ್ಕಳು. ಊಟದ ಮನೆಯಲ್ಲಿ ಜಗಳಗಂಟಿ ಹುಡುಗಿಯರನ್ನು ದೂರ ದೂರ ಕೂರಿಸುವುದು ಆಕೆಯ ದಿನನಿತ್ಯದ ಕೆಲಸವಾಗಿತ್ತು.

"ಅಷ್ಟೇನಾ? ಜಗಳ ಆಡೋರು ಇಬ್ರಾದ್ರೆ ಈ ತುದಿಗೊಬ್ಳು, ಆ ತುದಿಗೊಬ್ಳು. ಮೂವರಾದ್ರೆ ಮೂರು ಮೂಲೆಗೆ. ನಾಕು ಜನ ಆದ್ರೆ ನೆಲದ ಮ್ಯಾಲೆ ಜಾಗ ಸಾಲಲ್ಲ, ಒಬ್ಳನ್ನ ಅಟ್ಟ ಹತ್ತಿಸ್ಬೇಕು ನೋಡು!"

ಒಂದು ಕಾಳಿಗೆ ನಾಲ್ಕು ಕಡ್ಡಿ ಚುಚ್ಚಿದೆ. ಮೂರು ನೆಲಕ್ಕೆ, ಒಂದು ಅಟ್ಟಕ್ಕೆ. ವರ್ಷವಿಡೀ ಅರ್ಥವಾಗದ ಮೀಥೇನ್ ಅಣು ಮೂರು ಕಾಲೂರಿ ಮೆಟ್ಟಿಲ ಮೇಲೆ ನಿಂತಿತ್ತು.

ಎಳೆತ ಒಂದೇ ಕಡೆ ವಾಲಿದ ಅಣುವಿಗೆ ಪೋಲಾರ್ ಎಂದು ಹೆಸರು. ಅದನ್ನು ಹೇಳಲು ಮಾತ್ರ ಆಕೆಯ ನಾಲಿಗೆ ಹೊರಳಲಿಲ್ಲ, 'ಪೋಲಿ' ಎಂದಳು. ಕಾರ್ಬನ್ ಡೈಆಕ್ಸೈಡಿನಲ್ಲಿ ಎರಡು ಆಕ್ಸಿಜನ್ ಎದುರುಬದುರು ನಿಂತು ಸಮಸಮ ಎಳೆಯುತ್ತವೆ, ಅದಕ್ಕೇ ಅದು ಪೋಲಾರ್ ಅಲ್ಲ. ನೀರಿನ ಅಣು ಬಾಗಿದೆ, ಎಳೆತವೆಲ್ಲ ಒಂದೇ ಕಡೆ ಎಂದೆ. "ಹಂಗಾರೆ ನೀರೇ ಪೋಲಿ ಕಣವ್ವ. ಮಳೆಗಾಲದಾಗೆ ನಮ್ಮ ಹೊಳೆ ನೋಡಿದ್ರೆ ಗೊತ್ತಾಗಲ್ವಾ!" ಎಂದಳು. ಎಷ್ಟು ದಿನಗಳ ಮೇಲೆ ನಕ್ಕೆನೋ! ಎಂಟು ದಿನ ಹೀಗೇ ಓದಿದೆವು. ಪಾಠ ಮುಗಿದ ಮೇಲೆ ಮೀಥೇನನ್ನೂ ಅಮೋನಿಯಾವನ್ನೂ ಒಗ್ಗರಣೆ ಹಾಕಿ ತಿಂದೆವು.

ಪರೀಕ್ಷೆಯಲ್ಲಿ ಅದೇ ಪೋಲಾರ್ ಪ್ರಶ್ನೆ ಬಂತು. ಹೆದರಿಕೆಗೆ ಇಂಗ್ಲಿಷ್ ಎಲ್ಲ ಹಾರಿಹೋಯಿತು, ಕನ್ನಡದಲ್ಲೇ ಗೀಚಿದೆ. ಪೇಪರ್ ಕೊಟ್ಟು ಗೇಟಿನ ಹತ್ತಿರ ಬಂದಾಗ ನೆನಪಾಯಿತು. ನೀರು ಪೋಲಿ, ಕಾರ್ಬನ್ ಡೈಆಕ್ಸೈಡ್ ಪೋಲಿ ಅಲ್ಲ… ಉತ್ತರದ ತುಂಬ ಹಾಗೇ ಬರೆದಿದ್ದೆ. ಅಯ್ಯೋ ದೇವರೇ!

ಹಾಸ್ಟೆಲ್ ಬಾಗಿಲಲ್ಲಿ ದೊಡ್ಡಮ್ಮ ಕಾಯುತ್ತಿದ್ದಳು. "ಹೆಂಗಾತವ್ವಾ?"

"ನಿಮ್ಮಿಂದ ಹಾಳಾದೆ! ನಿಮ್ಮ ಪೋಲಿಯಿಂದ ಫೇಲಾದೆ! ಓದು ಬರದೋರು ಯಾಕೆ ಹೇಳ್ಕೊಡಾಕೆ ಬರ್ತೀರಿ?"

ಆಕೆ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಕೈ ಒದ್ದೆಯೇನೂ ಇರಲಿಲ್ಲ. "ನಂಗೇನ್ ಗೊತ್ತಿತ್ತವ್ವಾ…" ಎಂದಳು. ನಾನು ಬ್ಯಾಗು ಎತ್ತಿಕೊಂಡು ಊರಿನ ಬಸ್ಸು ಹತ್ತಿದೆ, ತಿರುಗಿಯೂ ನೋಡಲಿಲ್ಲ.

ಪಾಸಾದೆ. ಪೇಪರ್ ತಿದ್ದಿದ ನಮ್ಮ ಸರ್ ಒಂದೊಂದು 'ಪೋಲಿ'ಗೂ ಕೆಂಪು ಸುತ್ತು ಹಾಕಿ ಪೂರ್ತಿ ಮಾರ್ಕ್ಸ್ ಕೊಟ್ಟಿದ್ದರು. "ಕಾರಣ ಸರಿ ಐತೆ. ಹೆಸರು ತಿದ್ಕೊ," ಎಂದು ನಕ್ಕರು. ಹಾಸ್ಟೆಲ್ಲಿಗೆ ಓಡಿದೆ. ಒಲೆಯ ಮುಂದೆ ಬೇರೆ ಯಾರೋ ಇದ್ದರು. ದೊಡ್ಡಮ್ಮ ಕೆಲಸ ಬಿಟ್ಟು ಉಬ್ರಾಣಿಗೆ, ಮಗಳ ಮನೆಗೆ ಹೋಗಿದ್ದಳು.

ಉಬ್ರಾಣಿ ಏನು ದೂರದ ದೇಶವೇ? ಚನ್ನಗಿರಿ ತಾಲ್ಲೂಕು, ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದಿತ್ತು. ಮುಂದಿನ ಭಾನುವಾರ ಹೋದರಾಯಿತು, ಅದರ ಮುಂದಿನ ಭಾನುವಾರ… ಸೆಕೆಂಡ್ ಪಿಯುಸಿ ಪೂರ್ತಿ ಹೀಗೇ ಕಳೆಯಿತು. ನಿಜ ಹೇಳಬೇಕೆಂದರೆ ಆಕೆಯ ಮುಖ ನೋಡಲು ನನಗೆ ಹೆದರಿಕೆ.

ಹಾಸ್ಟೆಲ್ ಖಾಲಿ ಮಾಡುವ ದಿನ ಹೊಸ ಅಡುಗೆಯಾಕೆ ಹೇಳಿದಳು, ದೊಡ್ಡಮ್ಮ ತೀರಿಕೊಂಡು ತಿಂಗಳಾಯಿತೆಂದು. "ಅವರ ಮಗಳು ಸಿಕ್ಕಿದ್ಲು. ಕೊನೀಗಂಟ ಅದನ್ನೇ ಹಲುಬ್ತಿದ್ರಂತೆ, ಜಗಳೂರಿನ ಹುಡುಗಿ ನನ್ನಿಂದ ಫೇಲಾದ್ಲು ಅಂತ. ನೀನೇನಾ ಅದು?"

"ಅಲ್ಲ," ಎಂದೆ. ಹೆದರಿದ ನಾಲಿಗೆ ಅಷ್ಟನ್ನೇ ಆಡಿತು.

ಮೊನ್ನೆ ಒಂದು ಕಾಳಿಗೆ ನಾಲ್ಕು ಕಡ್ಡಿ ಚುಚ್ಚಿ ಅಡುಗೆ ಕಟ್ಟೆಯ ಮೇಲೆ ನಿಲ್ಲಿಸಿದೆ. ಅಲುಗದೆ ನಿಂತಿತು. ಉಸುಲಿ ಮಾಡಲು ಮನಸ್ಸಾಗಲಿಲ್ಲ. ಊರಿಗೆಲ್ಲ ಗೊತ್ತು ನಾನು ಪಾಸಾದದ್ದು. ದೊಡ್ಡಮ್ಮನ ಪಾಲಿಗೆ ಮಾತ್ರ ನಾನು ಫೇಲಾಗಿಯೇ ಉಳಿದೆ.