ಪಚ್ಚಪ್ಪನ ಬಾಯಾರಿಕೆ

ಗಂಗವ್ವ ಕಾರು ಓಡಿಸಲು ಕಲಿತದ್ದು ಅರವತ್ತೆರಡನೆಯ ವಯಸ್ಸಿನಲ್ಲಿ. ಡೆಟ್ರಾಯ್ಟ್ ಹತ್ತಿರದ ಸ್ಟರ್ಲಿಂಗ್ ಹೈಟ್ಸ್‌ನಲ್ಲಿರುವ ಮಗಳು ವರ್ಷಾಳ ಮನೆಗೆ ಬಂದು ಆಗ ಎರಡು ವರ್ಷವಾಗಿತ್ತು. ಮೊದಲ ಪರೀಕ್ಷೆಯಲ್ಲಿ ಹಿಮ್ಮುಖವಾಗಿ ಕಾರು ನಿಲ್ಲಿಸುವಾಗ ಒಂದು ಕೋನ್ ಉರುಳಿಸಿ ನಪಾಸಾದರು. ಮುಂದಿನ ವಾರ, “ಒಂದ ಬಿದ್ದಿತ್ತು, ಇನ್ನ ಬೀಳಂಗಿಲ್ಲ” ಎಂದು ಹೇಳಿ ಹೋದವರು ಲೈಸೆನ್ಸ್ ಹಿಡಿದೇ ಬಂದರು.

ಅದಕ್ಕೂ ಮುಂಚೆ ಅವರು ಹುನಗುಂದ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದರು. ಸುತ್ತಲಿನ ಏಳು ಹಳ್ಳಿಗಳಿಗೆ ಅವರು ‘ನರ್ಸಬಾಯಾರು’. ಬೇಸಿಗೆಯಲ್ಲಿ ವಾಂತಿಭೇದಿ ಹಬ್ಬಿತೆಂದರೆ ಮನೆಮನೆಗೆ ಹೋಗಿ ಮಕ್ಕಳ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಡುತ್ತಿದ್ದರು. ಅದು ತಟ್ಟನೆ ಸಮನಾದರೆ ಸರಿ, ನಿಧಾನವಾಗಿ ಇಳಿದರೆ ಮಗುವಿನ ಮೈಯಲ್ಲಿ ನೀರಿಲ್ಲ. ಕಣ್ಣು ಗುಳಿಬಿದ್ದಿದ್ದರಂತೂ ಕೇಳುವ ಮಾತೇ ಇಲ್ಲ. ಮಗುವನ್ನೂ ತಾಯಿಯನ್ನೂ ಸಿಕ್ಕ ಗಾಡಿಗೆ ಹತ್ತಿಸಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು.

ಹೋದ ವರ್ಷ ಜನವರಿಯಲ್ಲಿ, ಮೂರು ಮನೆಯಾಚೆಯ ಮೈಸೂರಿನ ದಂಪತಿ ಸುದೀಪ್ ಮತ್ತು ಲಾವಣ್ಯ ಐದು ವಾರಕ್ಕೆಂದು ಊರಿಗೆ ಹೊರಟರು. ಹೊರಡುವ ಮುನ್ನ ಆಳೆತ್ತರದ ಒಂದು ಜಾಲರಿ ಪಂಜರವನ್ನು ತಂದು ವರ್ಷಾಳ ಮನೆಯ ಕಿಟಕಿಯ ಪಕ್ಕ ಇಟ್ಟರು. ಒಳಗೆ ಕೊಂಬೆಗಳು, ಬಳ್ಳಿಗಳು, ಅವುಗಳ ನಡುವೆ ತಲೆಯ ಮೇಲೆ ಟೊಪ್ಪಿಗೆಯಂಥ ಏಣು ಹೊತ್ತ ಹಸಿರು ಪ್ರಾಣಿ.

“ಯವ್ವಾ, ಓತಿಕ್ಯಾತ!” ಎಂದರು ಗಂಗವ್ವ.

“ಅಲ್ಲ ಆಂಟಿ, ಇದು ಗೋಸುಂಬೆ. ಯೆಮನ್ ಕಡೇದು. ಹೆಸರು ಪಚ್ಚೆ,” ಎಂದಳು ಲಾವಣ್ಯ. “ಬಟ್ಟಲಲ್ಲಿ ನೀರಿಟ್ರೆ ಇವನು ಕುಡಿಯಲ್ಲ. ಎಲೆ ಮೇಲಿನ ಹನಿ ಮಾತ್ರ ನೆಕ್ತಾನೆ. ಅದಕ್ಕೇ ಈ ಮಶೀನು. ದಿನಕ್ಕೆ ನಾಲ್ಕು ಸಲ ತಾನೇ ಸ್ಪ್ರೇ ಮಾಡತ್ತೆ. ನೀವು ಟ್ಯಾಂಕ್ ತುಂಬ್ಸಿ, ಕ್ರಿಕೆಟ್ ಹುಳಕ್ಕೆ ಕ್ಯಾಲ್ಸಿಯಂ ಪುಡಿ ಹಚ್ಚಿ ಒಳಗೆ ಬಿಡಿ. ಅಷ್ಟೇ.”

ಗಂಗವ್ವ ಮೊಟ್ಟೆಯನ್ನೂ ಮುಟ್ಟದ ಲಿಂಗಾಯತರ ಮನೆಯವರು. ಹುಳದ ಡಬ್ಬಿಯನ್ನು ಒಮ್ಮೆ ನೋಡಿದರು. “ನಂದು ನನಗ, ಅದರದ್ದು ಅದಕ್ಕ. ನೀ ಆರಾಮ ಹೋಗಿ ಬಾರವಾ,” ಎಂದರು. ಪಚ್ಚೆ ಅವತ್ತೇ ಪಚ್ಚಪ್ಪನಾದ.

ಮೊದಲ ಹತ್ತು ದಿನ ಎಲ್ಲ ಸರಿಯಿತ್ತು. ಆಮೇಲೆ ಚಳಿ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿಳಿಯಿತು. ಮನೆಯ ಹೀಟರು ಹಗಲಿರುಳು ಓಡತೊಡಗಿತು; ಗಂಗವ್ವನ ತುಟಿ ಒಡೆಯಿತು, ಹಿಮ್ಮಡಿ ಬಿರಿಯಿತು. ಒಂದು ಬೆಳಿಗ್ಗೆ ಪಚ್ಚಪ್ಪ ಹುಳದ ಕಡೆ ತಿರುಗಿಯೂ ನೋಡಲಿಲ್ಲ. ಮರುದಿನವೂ ಅಷ್ಟೇ. ಮೂರನೆಯ ದಿನ ಅವನ ಹಿಕ್ಕೆಯ ಬಿಳಿ ಭಾಗ, ಎಂದರೆ ಗಟ್ಟಿಯಾದ ಮೂತ್ರ, ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಗಂಗವ್ವ ಕನ್ನಡಕ ಹಾಕಿಕೊಂಡು ಪಂಜರಕ್ಕೆ ಮುಖ ಹಚ್ಚಿ ನೋಡಿದರು. ಗೋಪುರದಂತೆ ಉಬ್ಬಿರಬೇಕಾದ ಕಣ್ಣುಗಳು ಒಳಗೆ ಕುಸಿದಿದ್ದವು.

ಲಾವಣ್ಯಳಿಗೆ ವಿಡಿಯೋ ಕಾಲ್ ಮಾಡಿದರು. ಆ ಮಶೀನಿನ ಲೆಕ್ಕವೆಲ್ಲ ಅವಳ ಫೋನಿನಲ್ಲಿ ಕಾಣುತ್ತಿತ್ತು.

“ಆಂಟಿ, ತೇವ ಅರವತ್ತು ಪರ್ಸೆಂಟ್ ತೋರಿಸ್ತಿದೆ. ಸ್ಪ್ರೇನೂ ಟೈಮ್‌ಗೆ ಸರಿಯಾಗಿ ಆಗಿದೆ. ಪೊರೆ ಬಿಡೋಕೆ ಮುಂಚೆ ಅವ್ನು ಹೀಗೇ ಊಟ ಬಿಡ್ತಾನೆ. ಟೆನ್ಶನ್ ಮಾಡ್ಕೋಬೇಡಿ.”

“ಮಶೀನ್ ಏನರ ಹೇಳ್ಲಿ. ಅದರ ಕಣ್ಣು ಒಳಗ ಹೋಗ್ಯಾವ. ಅದಕ್ಕ ನೀರ ಬೇಕಾಗೈತಿ.”

ಮಶೀನು ಮತ್ತೆ ಸುಯ್ಯೆನ್ನುವ ತನಕ ಗಂಗವ್ವ ಪಂಜರದ ಎದುರು ಕುರ್ಚಿ ಹಾಕಿಕೊಂಡು ಕೂತರು. ಅದು ನಿಂತ ಕೂಡಲೇ ಬಾಗಿಲು ತೆಗೆದು ಒಂದೊಂದು ಎಲೆಯನ್ನೂ ಬೆರಳಿಂದ ಮುಟ್ಟಿದರು. ಎಲ್ಲ ಒಣ. ನಾಲ್ಕು ನಳಿಕೆಗಳಲ್ಲಿ ಮೂರರ ಬಾಯಿ ನೀರಿನ ಉಪ್ಪು ಕಟ್ಟಿ ಮುಚ್ಚಿಹೋಗಿತ್ತು. ನಾಲ್ಕನೆಯದು ತೇವ ಅಳೆಯುವ ಗೇಜಿನ ಮೇಲೆಯೇ ನೀರು ಚಿಮ್ಮುತ್ತಿತ್ತು. ಫೋನಿಗೆ ಹೋಗುತ್ತಿದ್ದದ್ದು ಆ ಒಂದು ಮೂಲೆಯ ಸುದ್ದಿ.

ಸರೀಸೃಪಗಳನ್ನು ನೋಡುವ ಪಶುವೈದ್ಯರ ನಂಬರನ್ನು ಲಾವಣ್ಯ ಪಂಜರದ ಮೇಲೆ ಅಂಟಿಸಿ ಹೋಗಿದ್ದಳು. ಗಂಗವ್ವ ಫೋನ್ ಮಾಡಿದರು. ಮುಂದಿನ ಮಂಗಳವಾರ ಬನ್ನಿ ಎಂದಳು ಅತ್ತಲಿನ ಹುಡುಗಿ.

“ನೋ ಟ್ಯೂಸ್‌ಡೇ,” ಎಂದರು ಗಂಗವ್ವ, ಒಂದೊಂದೇ ಪದ ಬಿಡಿಸಿ. “ಐಸ್ ಸಂಕನ್. ತ್ರೀ ಡೇಸ್ ನೋ ಫುಡ್. ಯೂರಿನ್ ಆರೆಂಜ್. ಐ ಆಮ್ ನರ್ಸ್, ಥರ್ಟಿ ಒನ್ ಇಯರ್ಸ್. ಟುಡೇ.”

ಅತ್ತಲಿನ ಹುಡುಗಿ ಯಾರನ್ನೋ ಕೇಳಿ ಬಂದಳು. ಆಮೇಲೆ, ಎರಡು ಗಂಟೆಗೆ ಬರಲು ಆಗುತ್ತದೆಯೇ ಎಂಬ ಪ್ರಶ್ನೆ.

ವರ್ಷಾ ವಾರೆನ್‌ನಲ್ಲಿ ಕಾರು ಕಂಪನಿಯ ಟೆಕ್ನಿಕಲ್ ಸೆಂಟರಿನಲ್ಲಿ ಎಂಜಿನಿಯರ್. ಫೋನಿನಲ್ಲಿ ವಿಷಯ ಕೇಳಿ ಮೀಟಿಂಗಿನ ನಡುವೆಯೇ ಹೊರಗೆ ಬಂದಳು.

“ಅವ್ವಾ, ಹೊರಗ ಸ್ನೋ ಬೀಳಾಕತ್ತೈತಿ. ಇಪ್ಪತ್ತೆರಡು ಮೈಲ್ ಐತಿ. ನೀ ಗ್ರೋಸರಿ ಅಂಗಡಿ ದಾಟಿ ಎಂದರ ಓಡ್ಸೀಯೇನು? ಸಂಜಿಗೆ ನಾ ಬರತೀನಿ, ತಡಿ.”

“ಸಂಜಿಗೆ ಡಾಕ್ಟರ್ ಇರಂಗಿಲ್ಲ. ನಾ ಫ್ರೀವೇ ಹತ್ತಂಗಿಲ್ಲ, ಊರೊಳಗಿನ ಮೈಲ್ ರೋಡ್ ಹಿಡದು ಸಾವಕಾಶ ಹೋಗತೀನಿ. ನೀ ನಿನ್ನ ಕೆಲಸಾ ನೋಡು.”

ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಒಂದು ರಟ್ಟಿನ ಡಬ್ಬಿಯಲ್ಲಿಟ್ಟರು. ಅದರ ಪಕ್ಕಕ್ಕೆ ಪಚ್ಚಪ್ಪ ಕೂತಿದ್ದ ಕೊಂಬೆಯನ್ನು ಅವನ ಸಮೇತ ಇಳಿಸಿದರು. ಅವನು ಹಿಸ್ಸೆನ್ನಲೂ ಇಲ್ಲ. ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಟರು. ‘ಹದಿನಾಲ್ಕು ಮೈಲ್ ರೋಡ್’ ಎಂಬ ಹೆಸರಿನ ರಸ್ತೆಯಲ್ಲಿ ಹಿಂದಿನ ಟ್ರಕ್ಕಿನವನು ಎರಡು ಸಲ ಹಾರ್ನ್ ಹೊಡೆದ. “ಅವಸರ ಇದ್ದರ ಮುಂದ ಹೋಗಪಾ,” ಎಂದು ಗಂಗವ್ವ ಕನ್ನಡಿಗೆ ಹೇಳಿ ಇಪ್ಪತ್ತೈದರಲ್ಲೇ ಓಡಿಸಿದರು. ಒಂದೂ ಮುಕ್ಕಾಲಿಗೆ ಕ್ಲಿನಿಕ್ಕಿನ ಮುಂದೆ ಇದ್ದರು.

ವೈದ್ಯೆ ಗಟ್ಟಿಮುಟ್ಟಾದ ಹೆಂಗಸು, ಡಾಕ್ಟರ್ ನೋವಾಕ್. ಪಚ್ಚಪ್ಪನನ್ನು ತೂಗಿ, ಬಾಯಿ ತೆರೆದು ನೋಡಿದಳು. ಎಂಜಲು ಅಂಟಂಟಾಗಿ ನೂಲೆಳೆಯುತ್ತಿತ್ತು. ಗಂಗವ್ವನ ಅಂದಾಜು ಸರಿ, ಇನ್ನೆರಡು ದಿನ ಕಳೆದಿದ್ದರೆ ಮೂತ್ರಪಿಂಡ ಕೆಡುತ್ತಿತ್ತು ಎಂದು ಹೇಳಿ, ಸಣ್ಣ ಸೂಜಿಯಲ್ಲಿ ಚರ್ಮದ ಅಡಿಗೆ ಸಲೈನ್ ಕೊಟ್ಟಳು. ಅವಳು ಸೂಜಿ ಹಿಡಿದ ಬಗೆಯನ್ನು ಗಂಗವ್ವ ಪರೀಕ್ಷೆ ಮಾಡುವವರಂತೆ ನೋಡಿ ತಲೆಯಾಡಿಸಿದರು. ಮನೆಯಲ್ಲಿ ಬಾಯಿಗೆ ನೀರು ಹಿಂಡಬಾರದು, ಶ್ವಾಸಕೋಶಕ್ಕೆ ಇಳಿದೀತು ಎಂದಳು ವೈದ್ಯೆ. “ಐ ನೋ. ಬೇಬಿ ಆಲ್ಸೋ ಸೇಮ್,” ಎಂದರು ಗಂಗವ್ವ.

ಮನೆಗೆ ಬಂದವರೇ ಪಂಜರವನ್ನು ಕಿಟಕಿಯ ಪಕ್ಕದಿಂದ ಈಚೆಗೆ ಎಳೆದರು. ಅದರ ಅಡಿಯಲ್ಲೇ ಬಿಸಿಗಾಳಿ ಬರುವ ಕಿಂಡಿಯಿತ್ತು. ಅದಕ್ಕೆ ಅಡ್ಡವಾಗಿ ಹಲಗೆ ಇಟ್ಟರು. ಚಳಿಗೆಂದು ಒಳಗೆ ತಂದಿಟ್ಟಿದ್ದ ತಮ್ಮ ದಾಸವಾಳದ ಕುಂಡವನ್ನು ಪಂಜರದೊಳಗೆ ನಿಲ್ಲಿಸಿದರು. ಒಂದು ಪ್ಲಾಸ್ಟಿಕ್ ಲೋಟದ ತಳಕ್ಕೆ ಗುಂಡುಸೂಜಿ ಚುಚ್ಚಿ ಜಾಲರಿಯ ಮೇಲಿಟ್ಟು, ಎರಡು ಸೆಕೆಂಡಿಗೊಂದು ಹನಿ ದಾಸವಾಳದ ಎಲೆಗೆ ಬೀಳುವಂತೆ ಗಡಿಯಾರ ನೋಡಿ ಸರಿಮಾಡಿದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿಯಿಂದ ಐದೈದು ನಿಮಿಷ ಎಲೆಗಳನ್ನೆಲ್ಲ ತೋಯಿಸಿದರು. ನಡುವೆ ಗಾಳಿಯಾಡಿ ಒಣಗಲು ಬಿಟ್ಟರು, ಬೂಷ್ಟು ಹಿಡಿಯಬಾರದಲ್ಲ.

ಮರುದಿನ ಮಧ್ಯಾಹ್ನ ಒಂದು ಹನಿ ಪಚ್ಚಪ್ಪನ ಮೂತಿಗೆ ತಗುಲಿತು. ಅವನು ಸುಮ್ಮನಿದ್ದ. ಇನ್ನೊಂದು ಬಿತ್ತು. ಆಗ ಗದ್ದ ಮುಂದೆ ಮಾಡಿ, ಬಾಯಿ ಚಪ್ಪರಿಸಿ ಎಲೆಯನ್ನು ನೆಕ್ಕಿದ. ಹದಿನೇಳು ನಿಮಿಷ ಬಿಡದೆ ಕುಡಿದ. ಗಂಗವ್ವ ಅಡುಗೆಮನೆಯಲ್ಲಿ ಹಂಚಿಗೆ ಹಾಕಿದ್ದ ರೊಟ್ಟಿ ಸೀದು ಹೋಯಿತು. ನಾಲ್ಕನೆಯ ದಿನ ಕಣ್ಣುಗಳು ಮತ್ತೆ ಉಬ್ಬಿಕೊಂಡವು, ಹಿಕ್ಕೆ ಬೆಳ್ಳಗಾಯಿತು. ಐದನೆಯ ದಿನ ಒಂದು ಮೊಳ ದೂರದ ಹುಳಕ್ಕೆ ನಾಲಿಗೆ ಹಾರಿಸಿದ.

ನಡೆದದ್ದನ್ನೆಲ್ಲ ಫೋನಿನಲ್ಲಿ ಕೇಳಿದ್ದ ಲಾವಣ್ಯ ಫೆಬ್ರವರಿಯಲ್ಲಿ ಏರ್‌ಪೋರ್ಟಿನಿಂದ ನೇರವಾಗಿ ಬಂದಳು. ಪಚ್ಚಪ್ಪನನ್ನು ನೋಡುವ ಮೊದಲೇ ಅವಳ ಕಣ್ಣು ತುಂಬಿತ್ತು.

“ಆಂಟಿ, ನೀವು ಹೇಳಿದಾಗ ನಾನು ನಂಬಲಿಲ್ಲ.”

“ಆವಾಗ ನಂಬಲಿಲ್ಲ, ಈಗ ನಂಬ್ತಿ. ಮುಗೀತು. ಆ ನಳಿಕೀ ಬಿಚ್ಚಿ ವಿನೆಗರ್‌ದಾಗ ನೆನಸು, ಮತ್ತ ಬಾಟಲಿ ನೀರ ಹಾಕು. ಇಲ್ಲಿ ನಲ್ಲೀ ನೀರ ಗಡಸು ಐತಿ.”

ಏಪ್ರಿಲ್‌ನಲ್ಲಿ ಡಾಕ್ಟರ್ ನೋವಾಕ್ ತಾನೇ ಫೋನ್ ಮಾಡಿದಳು. ಯಾರೋ ಬಿಟ್ಟುಹೋದ ಒಂದು ಹೆಣ್ಣು ಗೋಸುಂಬೆಯಿದೆ, ಚೇತರಿಸಿಕೊಳ್ಳುವ ತನಕ ಇಟ್ಟುಕೊಳ್ಳುವಿರಾ? ಗಂಗವ್ವ ವರ್ಷಾಳನ್ನು ಕೇಳಲಿಲ್ಲ, ತಿಳಿಸಿದರು. ಅದಾದ ಮೇಲೆ ಇನ್ನೂ ಮೂರು ಬಂದವು. ಒಂದು ಉಳಿಯಲಿಲ್ಲ, ಅದು ಬರುವಾಗಲೇ ಕೈಮೀರಿತ್ತು. ಗಂಗವ್ವ ಅದನ್ನು ಹಿತ್ತಿಲಲ್ಲಿ ಹೂಳಿದರು. ಉಳಿದವು ಗಟ್ಟಿಯಾಗಿ ಹೊಸ ಮನೆಗಳಿಗೆ ಹೋದವು.

ಅಕ್ಟೋಬರ್‌ನಲ್ಲಿ ಅಲ್ಲಿನ ಸರೀಸೃಪ ಸಾಕುವವರ ಸಂಘ ಅವರನ್ನು ಮಾತಾಡಲು ಕರೆಯಿತು. ಇಳಕಲ್ ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು ನಲವತ್ತು ಜನರ ಮುಂದೆ ನಿಂತರು. ಕೈತುಂಬ ಹಚ್ಚೆಯಿದ್ದ ಒಬ್ಬ ದಾಂಡಿಗ ಎದ್ದು, ಸಿಟ್ಟಿನ ಗೋಸುಂಬೆಯನ್ನು ಪಳಗಿಸಿ ಕೈಯಲ್ಲಿ ಹಿಡಿಯುವುದು ಹೇಗೆಂದು ಕೇಳಿದ.

“ವೈ ಹೋಲ್ಡ್?” ಎಂದರು ಗಂಗವ್ವ. “ಹೀ ಡಸ್ ನಾಟ್ ಲೈಕ್. ಯು ಸಿಟ್. ಯು ಸೀ. ಎನಫ್.”

ಅವನು ಕೂತು, ಜೇಬಿನಿಂದ ಪೆನ್ನು ತೆಗೆದು ಅದನ್ನು ಬರೆದುಕೊಂಡ.